ಮೊಣಕಾಲಿಗೇ ನಿಂತ ಸ್ಕ್ಯಾನ್

ನಾನು ನಿವೃತ್ತಳಾಗಲು ಇನ್ನೂ ಎರಡು ವರ್ಷ ಬಾಕಿ ಇತ್ತು. ಕೊರೊನಾ ಹಿಂದೆ ಸರಿದು, ಜನರ ಮಾಸ್ಕುಗಳು ಮೂಗಿನಿಂದ ಗದ್ದಕ್ಕೆ ಇಳಿದಿದ್ದ ಕಾಲ. ಕೊಪ್ಪಳದ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ನಾನು ರೇಡಿಯಾಲಜಿಸ್ಟ್. ಎಕ್ಸ್-ರೇ, ಸಿಟಿ, ಅಲ್ಟ್ರಾಸೌಂಡ್ ನೋಡಿ ದೇಹದ ಒಳಗೆ ಏನಾಗಿದೆ ಎಂದು ಬರೆದುಕೊಡುವ ಡಾಕ್ಟರಿಗೆ ಹಾಗೆನ್ನುತ್ತಾರೆ. ಆ ಹೊತ್ತಿಗೆ ಅದೇ ಕೆಲಸದಲ್ಲಿ ಇಪ್ಪತ್ತೊಂಬತ್ತು ವರ್ಷ ಕಳೆದಿದ್ದೆ. ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಮೂರೂ ಕಡೆಯ ಜನ ನಮ್ಮಲ್ಲಿಗೆ ಬರುತ್ತಿದ್ದರು. ನನ್ನ ಬಾಯಿ ಜೋರು ಎನ್ನುವುದು ಗೇಟಿನ ಕಾವಲುಗಾರನಿಂದ ಹಿಡಿದು ಎಲ್ಲರಿಗೂ ಗೊತ್ತಿತ್ತು. ಬಾಯಿ ಜೋರಿದ್ದರೆ ಕೆಲಸ ಆಗುತ್ತದೆ ಎಂದು ನಾನೂ ನಂಬಿದ್ದೆ. ಆ ನಂಬಿಕೆಗೆ ಸರಿಯಾಗಿ ಪೆಟ್ಟು ಕೊಟ್ಟ ಒಂದು ಪ್ರಕರಣವನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರುಗಳನ್ನು ಬದಲಿಸಿದ್ದೇನೆ. ಸಿಟ್ಟನ್ನು ಬದಲಿಸಿಲ್ಲ.

ಮೊದಲು ಆ ಸ್ಕ್ಯಾನ್ ಏನೆಂದು ಹೇಳಿಬಿಡುತ್ತೇನೆ, ಯಾಕೆಂದರೆ ಅದನ್ನು ಯಾರೂ ಹೇಳದಿದ್ದುದೇ ಈ ಇಡೀ ಅನಾಹುತದ ಬೇರು. ನಮ್ಮ ಕಡೆ ಸ್ಕ್ಯಾನ್ ಎಂದರೆ ಹೊಟ್ಟೆಯದು. ಕಾಲಿಗೆ ಸ್ಕ್ಯಾನ್ ಬರೆದುಕೊಟ್ಟರೂ ಕೆಲವರು ರಾತ್ರಿಯಿಂದ ಉಪವಾಸ ಇದ್ದು ಬರುತ್ತಾರೆ. ಇನ್ನು ಕೆಲವರು ಎರಡು ಬಾಟಲಿ ನೀರು ಕುಡಿದು, ಮೂತ್ರ ತಡೆದುಕೊಂಡು ಒದ್ದಾಡುತ್ತ ಕೂತಿರುತ್ತಾರೆ. ಎರಡೂ ಬೇಕಾಗಿಲ್ಲ. ಕಾಲಿನ ಅಭಿಧಮನಿಗಳ ಸ್ಕ್ಯಾನಿಗೆ, ಅಂದರೆ ವೀನಸ್ ಡಾಪ್ಲರಿಗೆ, ಉಂಡು ಬರಬಹುದು, ಮಾತ್ರೆ ನುಂಗಿ ಬರಬಹುದು. ಸೂಜಿ ಇಲ್ಲ, ಕರೆಂಟಿಲ್ಲ, ಕಿರಣಗಳಿಲ್ಲ. ಕಾಲಿಗೆ ತಣ್ಣನೆಯ ಜೆಲ್ ಹಚ್ಚಿ, ಪ್ರೋಬ್ ಎನ್ನುವ ಒಂದು ಹಿಡಿಯನ್ನು ಅದರ ಮೇಲೆ ಆಡಿಸುತ್ತೇವೆ. ತೆರೆಯ ಮೇಲೆ ಕೆಂಪು, ನೀಲಿ ಕಾಣುತ್ತದೆ. ಅದು ರಕ್ತದ ಬಣ್ಣವಲ್ಲ, ರಕ್ತ ಯಾವ ಕಡೆಗೆ ಹರಿಯುತ್ತಿದೆ ಎಂದು ಯಂತ್ರ ಬಳಿಯುವ ಬಣ್ಣ.

ಇದರಲ್ಲಿ ಮುಖ್ಯವಾದ ಕೆಲಸ ಒತ್ತುವುದು. ಜನ ನರ ಎನ್ನುತ್ತಾರಲ್ಲ, ಆ ಅಭಿಧಮನಿ ಮೆತ್ತನೆಯದು. ಮೇಲಿನಿಂದ ಪ್ರೋಬಿನಿಂದ ಸಣ್ಣಗೆ ಒತ್ತಿದರೆ ಅದರ ಬಾಯಿ ಮುಚ್ಚಿಕೊಳ್ಳಬೇಕು. ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ಮುಚ್ಚುವುದಿಲ್ಲ. ಹಾಗಾಗಿ ತೊಡೆಸಂದಿನಿಂದ ಶುರುಮಾಡಿ, ಒಂದೆರಡು ಬೆರಳಿನಷ್ಟು ಅಂತರದಲ್ಲಿ ಒತ್ತುತ್ತ ಒತ್ತುತ್ತ ಹಿಮ್ಮಡಿಯ ತನಕ ಬರಬೇಕು. ಹೆಪ್ಪು ಕಂಡ ಜಾಗದಲ್ಲಿ ಮತ್ತೆ ಒತ್ತಬಾರದು. ಇಪ್ಪತ್ತು ನಿಮಿಷದಿಂದ ಅರ್ಧ ಗಂಟೆ ಹಿಡಿಯುತ್ತದೆ. ತೊಡೆಸಂದಿನಿಂದ ಶುರು ಎಂದೆನಲ್ಲ, ಅಂದರೆ ಸೀರೆಯನ್ನು ಅಷ್ಟು ಮೇಲಕ್ಕೆ ಸರಿಸಲೇಬೇಕು. ಅದಕ್ಕೇ ಬಾಗಿಲಿಗೆ ಚಿಲಕ, ಮೈಮೇಲೆ ಹೊದಿಕೆ, ಪಕ್ಕದಲ್ಲಿ ಒಬ್ಬ ಹೆಂಗಸು ಇರಬೇಕು. ನಮ್ಮಲ್ಲಿ ಆ ಹೆಂಗಸು ರಜಿಯಾ. ಹದಿನೆಂಟು ವರ್ಷ ನನ್ನ ಸ್ಕ್ಯಾನ್ ಕೋಣೆಯಲ್ಲಿ ಆಯಾ ಆಗಿದ್ದವಳು.

ಅದೊಂದು ಬುಧವಾರ, ಬೆಳಿಗ್ಗೆ ಹತ್ತರ ಸುಮಾರು. ಹೊರಗೆ ಕಾರಿಡಾರಿನಲ್ಲಿ ನಲವತ್ತು ಮಂದಿ ಸರದಿಗೆ ಕಾಯುತ್ತಿದ್ದರು. ನಮ್ಮ ಫಿಜಿಶಿಯನ್ ಫೋನ್ ಮಾಡಿ, ಒಬ್ಬ ಬಾಣಂತಿಯನ್ನು ಕಳಿಸುತ್ತಿದ್ದೇನೆ, ಎಲ್ಲ ಬಿಟ್ಟು ಮೊದಲು ಅವಳ ಎಡಗಾಲು ನೋಡಿ ಎಂದರು. ಸ್ಟ್ರೆಚರಿನಲ್ಲಿ ಬಂದವಳು ಸುಮಂಗಲಾ, ಇಪ್ಪತ್ಮೂರು ವರ್ಷ. ಗಂಡ ಬಸವರಾಜ ಮುನಿರಾಬಾದಿನ ಕಚೇರಿಯೊಂದರಲ್ಲಿ ಗುತ್ತಿಗೆ ನೌಕರ. ಸಿಸೇರಿಯನ್ ಆಗಿ ಹದಿನೇಳನೆಯ ದಿನ, ಬಾಣಂತನಕ್ಕೆ ತವರೂರು ಬೇವೂರಿನಲ್ಲಿದ್ದಳು. ಎಡಗಾಲು ಬುಡದಿಂದ ತುದಿಯ ತನಕ ಊದಿ ಮಿರಮಿರ ಹೊಳೆಯುತ್ತಿತ್ತು. ಅದಕ್ಕಿಂತ ಭಯ ಹುಟ್ಟಿಸಿದ್ದು ಉಸಿರು. ಒಂದು ಮಾತಿಗೆ ಎರಡು ಸಲ ನಿಲ್ಲುತ್ತಿದ್ದಳು. ನಾಡಿ ನೂರಿಪ್ಪತ್ತೆಂಟು, ರಕ್ತದ ಆಮ್ಲಜನಕ ಎಂಬತ್ತಾರು. ಕಾಲಿನ ಹೆಪ್ಪು ಒಡೆದು ಒಂದು ತುಂಡು ಶ್ವಾಸಕೋಶಕ್ಕೆ ಹೋಗಿದ್ದರೆ ಹೀಗಾಗುತ್ತದೆ. ಇನ್ನೊಂದು ದೊಡ್ಡ ತುಂಡು ಹೋದರೆ ಜೀವ ಹೋಗುತ್ತದೆ, ಆಗ ಯಾರೂ ಏನೂ ಮಾಡುವ ಹಾಗಿಲ್ಲ.

ಅವಳ ಜೊತೆ ಇಬ್ಬರು ಹೆಂಗಸರು ಬಂದಿದ್ದರು. ಒಬ್ಬರು ತಾಯಿ ಗೌರಮ್ಮ. ಇನ್ನೊಬ್ಬಳು ಹನುಮವ್ವ, ಕೂಸನ್ನು ಸೆರಗಿನಲ್ಲಿ ಸುತ್ತಿ ಎತ್ತಿಕೊಂಡಿದ್ದ ಮುದುಕಿ. ಬೇವೂರಿನಲ್ಲಿ ನಲವತ್ತು ವರ್ಷದಿಂದ ಬಾಣಂತಿಯರಿಗೂ ಕೂಸುಗಳಿಗೂ ಎಣ್ಣೆ ಹಚ್ಚಿ ಎರೆಯುವವಳು ಆಕೆ. ಕಾಲು ಯಾವಾಗಿನಿಂದ ಊದಿದೆ, ಏನು ಮಾಡಿದಿರಿ ಎಂದು ನಡೆಯುತ್ತಲೇ ಕೇಳಿದೆ. ಎಂಟು ದಿನ ಆಯಿತು, ಹನುಮವ್ವ ದಿನಾ ಬಿಸಿ ಎಣ್ಣೆ ಹಚ್ಚಿ ತಿಕ್ಕುತ್ತಾಳೆ ಎಂದರು ಗೌರಮ್ಮ. ನನಗೆ ನೆತ್ತಿಗೇರಿತು. ಹೆಪ್ಪುಗಟ್ಟಿದ ಕಾಲನ್ನು ತಿಕ್ಕಬಾರದು. ತಿಕ್ಕಿದರೆ ಹೆಪ್ಪು ಸಡಿಲಾಗಿ ಮೇಲಕ್ಕೆ ಹೊರಡಬಹುದು. ಇದು ಡಾಕ್ಟರಿಗೆ ಗೊತ್ತು. ಮುದುಕಿಗೆ ಯಾರು ಹೇಳಬೇಕಿತ್ತು ಎಂದು ನಾನು ಆಗ ಯೋಚಿಸಲಿಲ್ಲ. ಕಾರಿಡಾರಿನ ಮಧ್ಯೆ, ನಲವತ್ತು ಜನರೆದುರು ಬಾಯಿ ಬಿಟ್ಟೆ.

“ಯಾರು ಹೇಳಿದ್ರು ನಿನಗ ಈ ಕಾಲು ತಿಕ್ಕಂತ? ಈ ಹುಡುಗಿ ಸತ್ರ ನಿನ್ನ ಕೈಲೇ ಸತ್ಲು ಅಂತ ತಿಳಕೋ.”

ಆಕೆ ಕೂಸನ್ನು ಗೌರಮ್ಮನ ಕೈಗೆ ಕೊಟ್ಟು, ಗೋಡೆಗೆ ಒರಗಿ ನೆಲದ ಮೇಲೆ ಕೂತಳು. ಕಾಯುತ್ತಿದ್ದವರೆಲ್ಲ ಆಕೆಯನ್ನೇ ನೋಡಿದರು. ಒಬ್ಬಿಬ್ಬರು ಹೌದ್ಹೌದು, ಇಂಥವರಿಂದಲೇ ಎಂದು ನನ್ನ ಮಾತಿಗೆ ದನಿಗೂಡಿಸಿದರು. ನಾನು ಒಳಗೆ ಹೋದೆ.

ಒಳಗೆ ಸುಮಂಗಲಾ ಸೀರೆಯನ್ನು ಮೊಣಕಾಲಿನ ಹತ್ತಿರ ಎರಡೂ ಕೈಯಲ್ಲಿ ಹಿಡಿದುಕೊಂಡುಬಿಟ್ಟಿದ್ದಳು. ಉಸಿರು ಸಿಗದವಳ ಕೈಯಲ್ಲಿ ಅಷ್ಟು ಬಲ ಎಲ್ಲಿತ್ತೋ. ನಾನು ಗದರುವ ಮೊದಲೇ ರಜಿಯಾ ನನಗೆ ಕಣ್ಣಿನಲ್ಲೇ ಸುಮ್ಮನಿರಲು ಹೇಳಿ, ಬಾಗಿಲ ಚಿಲಕ ಹಾಕಿ ಅದನ್ನು ಒಮ್ಮೆ ಎಳೆದು ತೋರಿಸಿದಳು. ಸೊಂಟದಿಂದ ಕೆಳಗೆ ದುಪ್ಪಟಿ ಹೊದಿಸಿದಳು. ಇಲ್ಲಿ ಯಾವ ಗಂಡಸೂ ಬರುವುದಿಲ್ಲ, ಮೇಡಂ ಎಷ್ಟು ಜಾಗ ನೋಡಬೇಕೋ ಅಷ್ಟನ್ನೇ ಸರಿಸಿ ನೋಡುತ್ತಾರೆ, ಮುಗಿದ ಕೂಡಲೇ ಮುಚ್ಚುತ್ತೇವೆ ಎಂದು ಒಂದೊಂದೇ ಹೇಳಿದಳು. ಒಂದು ನಿಮಿಷ ಹಿಡಿಯಿತು, ಅಷ್ಟೇ. ಸುಮಂಗಲಾ ಕೈ ಬಿಟ್ಟಳು.

ತೊಡೆಸಂದಿನಲ್ಲಿ ಪ್ರೋಬ್ ಇಟ್ಟ ಕೂಡಲೇ ಕಂಡಿತು. ಅಲ್ಲಿನ ದೊಡ್ಡ ಅಭಿಧಮನಿ ಊದಿಕೊಂಡು, ಒಳಗೆಲ್ಲ ಬೂದುಬಣ್ಣದ ಹೆಪ್ಪು ತುಂಬಿತ್ತು. ಸಣ್ಣಗೆ ಒತ್ತಿದೆ, ಮುಚ್ಚಲಿಲ್ಲ. ಬಣ್ಣವೂ ಬರಲಿಲ್ಲ. ಹೆಪ್ಪು ಹೊಟ್ಟೆಯ ಕಡೆಗೆ ಏರಿತ್ತು, ತೊಡೆಯ ನಡುವಿನ ತನಕ ಇಳಿದಿತ್ತು. ಮೊಣಕಾಲ ಹಿಂದಿನ ಅಭಿಧಮನಿ ಮಾತ್ರ ಒತ್ತಿದಾಗ ಚೆನ್ನಾಗಿ ಮುಚ್ಚಿಕೊಂಡಿತು. ಬಸುರಿ ಬಾಣಂತಿಯರಲ್ಲಿ ಹೆಪ್ಪು ಹೀಗೆ ಎಡಗಾಲಿನ ಮೇಲ್ಭಾಗದಲ್ಲೇ ಕೂರುವುದು ಹೆಚ್ಚು. ನಮ್ಮ ಪಠ್ಯಪುಸ್ತಕದ ಮೊದಲ ಪಾಠದಲ್ಲೇ ಇರುವ ಸಂಗತಿ ಅದು.

ನಾನು ಅಳತೆ ಬರೆದುಕೊಳ್ಳುತ್ತಿರುವಾಗ ಸುಮಂಗಲಾ ತಾನಾಗಿಯೇ ಮಾತಾಡಿದಳು. “ಅವರು ಇಷ್ಟು ಮ್ಯಾಲಿತನಕ ನೋಡ್ಲೇ ಇಲ್ರಿ.”

ಯಾರು ಎಂದೆ. ಹೋದ ಗುರುವಾರ ಸ್ಕ್ಯಾನ್ ಮಾಡಿದವರು ಎಂದಳು. ಈ ಕಾಲಿಗೆ ಇದಕ್ಕೆ ಮೊದಲೇ ಒಂದು ಸ್ಕ್ಯಾನ್ ಆಗಿತ್ತು ಎನ್ನುವುದೇ ನನಗೆ ಗೊತ್ತಿರಲಿಲ್ಲ. ಎಲ್ಲಿತನಕ ನೋಡಿದರು ಎಂದು ಕೇಳಿದೆ. ಅವಳು ಕೈಯನ್ನು ಮೊಣಕಾಲಿನ ಚಿಪ್ಪಿನ ಮೇಲೆ ಇಟ್ಟು, “ಇಲ್ಲಿಗೆ ಸಾಕಂದ್ರು” ಎಂದಳು.

ರಜಿಯಾ ಹೊರಗೆ ಹೋಗಿ ಗೌರಮ್ಮನ ಚೀಲದಿಂದ ಆ ವರದಿ ತಂದಳು. ಊರಿನ ಹೆಸರು ಬೇಡ, ಸೆಂಟರಿನ ಹೆಸರೂ ಬೇಡ. ವಾರಕ್ಕೊಮ್ಮೆ ಹೊರಗಿನಿಂದ ಡಾಕ್ಟರ್ ಬಂದು, ಸಂಜೆಯೊಳಗೆ ಐವತ್ತು ಅರವತ್ತು ಮಂದಿಯನ್ನು ನೋಡಿ ಹೋಗುವ ಜಾಗ. ಚಂದದ ಕಾಗದ, ಬಣ್ಣದ ಚಿತ್ರ. ಎಡಗಾಲಿನ ಅಭಿಧಮನಿಗಳ ಹೆಸರುಗಳು ಒಂದರ ಕೆಳಗೊಂದು ಅಚ್ಚಾಗಿದ್ದವು. ತೊಡೆಸಂದಿನದು, ತೊಡೆಯದು, ಮೊಣಕಾಲ ಹಿಂದಿನದು, ಮೀನಖಂಡದ್ದು. ಎಲ್ಲದರ ಮುಂದೆಯೂ ಒಂದೇ ಮಾತು: ಒತ್ತಿದಾಗ ಪೂರ್ತಿ ಮುಚ್ಚುತ್ತದೆ, ಹರಿವು ಸಹಜವಾಗಿದೆ. ಕೊನೆಯಲ್ಲಿ ದಪ್ಪಕ್ಷರದಲ್ಲಿ, ಎಡಗಾಲಿನಲ್ಲಿ ಎಲ್ಲಿಯೂ ಹೆಪ್ಪು ಇಲ್ಲ ಎಂಬ ತೀರ್ಮಾನ. ಅಂಟಿಸಿದ್ದ ಎರಡು ಚಿತ್ರಗಳೂ ಮೊಣಕಾಲಿನವೇ.

ವರದಿಯನ್ನು ಇನ್ನೊಮ್ಮೆ ಓದಿದೆ. ತೊಡೆಯ ಮೇಲೆ ಪ್ರೋಬ್ ಇಡದೆಯೇ ತೊಡೆಯ ಅಭಿಧಮನಿ ಸರಿ ಇದೆ ಎಂದು ಬರೆದಿದ್ದರು. ಕಣ್ಣಿಗೆ ಬೀಳದ್ದನ್ನು ಕಂಡಿದೆ ಎಂದು ಸಹಿ ಹಾಕುವುದಕ್ಕೆ ಬೇರೆ ಕಡೆ ಸುಳ್ಳು ಸಾಕ್ಷಿ ಎನ್ನುತ್ತಾರೆ. ಆದರೆ ನಮ್ಮ ವೃತ್ತಿಯಲ್ಲಿ ಅದಕ್ಕೆ ರಿಪೋರ್ಟ್ ಎನ್ನುತ್ತೇವೆ.

ಸಿಟ್ಟಿಗೆ ಆಗ ಸಮಯವಿರಲಿಲ್ಲ. ಫಿಜಿಶಿಯನ್‌ಗೆ ಫೋನ್ ಮಾಡಿದೆ. ರಕ್ತ ಮತ್ತಷ್ಟು ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಇಂಜೆಕ್ಷನ್ನನ್ನು ಸ್ಕ್ಯಾನ್ ಕೋಣೆಯಲ್ಲೇ ಕೊಟ್ಟರು. ಎದೆಯ ಸಿಟಿಯಲ್ಲಿ ಬಲ ಶ್ವಾಸಕೋಶದ ರಕ್ತನಾಳದ ಒಂದು ಕವಲು ಮುಚ್ಚಿದ್ದು ಕಂಡಿತು. ಅಲ್ಲಿಂದ ಮೂರು ದಿನ ಅವಳು ಐಸಿಯುನಲ್ಲಿ ಆಮ್ಲಜನಕದ ಮೇಲೆ ಇದ್ದಳು. ಉಳಿಯುತ್ತಾಳೆ ಎಂದು ಫಿಜಿಶಿಯನ್ ಒಮ್ಮೆಯೂ ಹೇಳಲಿಲ್ಲ. ಬಸವರಾಜ ಮುನಿರಾಬಾದಿನಿಂದ ಬಂದು ಐಸಿಯು ಬಾಗಿಲಲ್ಲಿ ನಿಂತವನು ಕೂರಲೇ ಇಲ್ಲ. ಕೂಸಿಗೆ ಗೌರಮ್ಮ ಬಾಟಲಿ ಹಾಲು ಕುಡಿಸುತ್ತಿದ್ದರು. ಹನುಮವ್ವನನ್ನು ಮೊದಲ ದಿನವೇ ಊರಿಗೆ ಕಳಿಸಿಬಿಟ್ಟಿದ್ದರು.

ಎರಡನೆಯ ದಿನ ಗೌರಮ್ಮನನ್ನು ಕೂರಿಸಿಕೊಂಡು ಎಲ್ಲವನ್ನೂ ಮೊದಲಿನಿಂದ ಕೇಳಿದೆ. ಹೆರಿಗೆಯಾದ ಒಂಬತ್ತನೆಯ ದಿನ ಎರೆಯುವಾಗ ಎಡಗಾಲು ಭಾರವಾಗಿದೆ, ಮುಟ್ಟಿದರೆ ಬಿಸಿಯಾಗಿದೆ ಎಂದು ಮೊದಲು ಕಂಡುಹಿಡಿದವಳು ಹನುಮವ್ವ. ಆಕೆ ಎಣ್ಣೆ ಬಟ್ಟಲು ಕೆಳಗಿಟ್ಟು, “ಇದು ಬಾಣಂತಿ ಬಾವು ಅಲ್ಲವ್ವಾ. ನಾ ಮುಟ್ಟಂಗಿಲ್ಲ, ದವಾಖಾನಿಗೆ ಕರಕೊಂಡು ಹೋಗ್ರಿ” ಎಂದಿದ್ದಳಂತೆ. ಮರುದಿನ ಡಾಕ್ಟರಿಗೆ ತೋರಿಸಿದರು. ಆ ಡಾಕ್ಟರೂ ಹೆಪ್ಪು ಇರಬಹುದೆಂದು ಸರಿಯಾಗಿಯೇ ಊಹಿಸಿ, ಕಾಲು ತಿಕ್ಕಬೇಡಿ, ನಾಳೆಯೇ ಡಾಪ್ಲರ್ ಮಾಡಿಸಿ ಎಂದು ಚೀಟಿ ಬರೆದರು. ಗುರುವಾರ ಸ್ಕ್ಯಾನ್ ಆಯಿತು.

ಸ್ಕ್ಯಾನ್ ಕೋಣೆಯ ಒಳಗೆ ಆದದ್ದನ್ನು ಸುಮಂಗಲಾಳಿಂದ ತಿಳಿದೆ. ಅಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಪರದೆ ಅರ್ಧ ಎಳೆದಿತ್ತು, ಪರದೆಯ ಆಚೆ ಟೈಪ್ ಮಾಡುವವನು ಕೂತಿದ್ದ. ಗೌರಮ್ಮನನ್ನು ಒಳಗೆ ಬಿಡಲಿಲ್ಲ. ಡಾಕ್ಟರ್ ಸೀರೆ ಮೇಲಕ್ಕೆ ಮಾಡು ಎಂದರು, ಯಾಕೆ ಎಂದು ಹೇಳಲಿಲ್ಲ. ಸುಮಂಗಲಾ ಮೊಣಕಾಲಿನ ತನಕ ಮಾಡಿದಳು. ಇನ್ನೂ ಮೇಲೆ ಎಂದರು, ಅವಳು ಗಟ್ಟಿಯಾಗಿ ಹಿಡಿದುಕೊಂಡಳು. ಹೋಗಲಿ ಸಾಕು ಎಂದು ಮೂರು ನಿಮಿಷದಲ್ಲಿ ಮುಗಿಸಿದರು. ಕೌಂಟರಿನಲ್ಲಿ ಕಾಗದ ಕೊಟ್ಟವನು ಏನೂ ಇಲ್ಲ, ಎಣ್ಣೆ ಹಚ್ಚಿ ತಿಕ್ಕಿಸಿ, ಇಳಿಯುತ್ತದೆ ಎಂದು ತನ್ನ ಕಡೆಯಿಂದಲೂ ಒಂದು ಸಲಹೆ ಕೊಟ್ಟ. ವರದಿ ನೋಡಿದ ಮೊದಲಿನ ಡಾಕ್ಟರಿಗೂ ಅನುಮಾನ ಹೋಯಿತು. ಅಷ್ಟು ಖಚಿತವಾಗಿ ಬರೆದ ಮೇಲೆ ಅವರಾದರೂ ಏನು ಮಾಡಬೇಕಿತ್ತು?

ಹನುಮವ್ವ ಆಗಲೂ ಒಪ್ಪಲಿಲ್ಲ. ಗೌರಮ್ಮನೇ ಕಾಗದವನ್ನು ಆಕೆಯ ಮುಂದೆ ಹಿಡಿದು, ದೊಡ್ಡ ಮಷಿನ್ನೇ ಏನೂ ಇಲ್ಲ ಎಂದಿದೆ, ನೀನೇನು ಮಷಿನ್‌ಗಿಂತ ಶಾಣ್ಯಾಳೇನು ಎಂದರು. ಹನುಮವ್ವನಿಗೆ ಓದಲು ಬರುವುದಿಲ್ಲ. ಪೂರಾ ಕಾಲು ನೋಡ್ಯಾರೇನು ಎಂದು ಎರಡು ಸಲ ಕೇಳಿದಳಂತೆ. ನೋಡ್ಯಾರ ಎಂದರು ಗೌರಮ್ಮ. ಅವರಿಗೂ ಗೊತ್ತಿರಲಿಲ್ಲ, ಅವರು ಹೊರಗೆ ಇದ್ದರು. ಗೊತ್ತಿದ್ದವಳು ಸುಮಂಗಲಾ ಒಬ್ಬಳೇ. ಸ್ಕ್ಯಾನ್ ಎಂದರೆ ಎಲ್ಲಿತನಕ ಎನ್ನುವುದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಮೊಣಕಾಲಿನ ತನಕ ನೋಡುವುದೇ ಪೂರ್ತಿ ಸ್ಕ್ಯಾನ್ ಎಂದು ತಿಳಿದಳು. ಐದು ದಿನ ಹನುಮವ್ವ ಆ ಕಾಲು ತಿಕ್ಕಿದಳು. ಆರನೆಯ ದಿನ ಉಸಿರು ಹತ್ತಿತು.

ಇಷ್ಟು ಕೇಳಿದ ಮೇಲೆ ಒಬ್ಬೊಬ್ಬರನ್ನೇ ಎಣಿಸಿದೆ. ಈ ಸರಪಳಿಯಲ್ಲಿ ಆರು ಜನ ಇದ್ದೆವು. ಇದು ಬರೀ ಬಾವು ಅಲ್ಲ ಎಂದು ಮೊದಲು ಹೇಳಿದವಳು, ಕಾಗದ ಬಂದ ಮೇಲೂ ಪೂರಾ ನೋಡಿದ್ದಾರಾ ಎಂದು ಕೇಳಿದವಳು ಒಬ್ಬಳೇ. ಕಾರಿಡಾರಿನಲ್ಲಿ ಕೊಲೆಗಾತಿ ಎನ್ನಿಸಿಕೊಂಡವಳೂ ಅವಳೇ. ಅಂದವಳು ನಾನು.

ಮೊದಲು ಸ್ಕ್ಯಾನ್ ಮಾಡಿದ ಆ ಡಾಕ್ಟರಿಗೆ ಫೋನ್ ಮಾಡಿದೆ. ನನಗಿಂತ ಇಪ್ಪತ್ತು ವರ್ಷ ಕಿರಿಯರು, ಒಂದೆರಡು ಸಭೆಗಳಲ್ಲಿ ನೋಡಿದ ಪರಿಚಯ. ವಿಷಯ ಹೇಳಿದೆ. ಅವರಿಗೆ ಆ ಹುಡುಗಿಯ ನೆನಪಿತ್ತು.

“ಪೇಶಂಟ್ ಕೋಆಪರೇಟ್ ಮಾಡಲಿಲ್ಲ ಮೇಡಂ. ಸೀರೆ ಬಿಡಲೇ ಇಲ್ಲ. ನಾನೇನು ಮಾಡಲಿ?”

“ತೊಡೆ ನೋಡಲಿಲ್ಲ ಅಂತ ಒಂದು ಸಾಲು ಬರೀಬೇಕಿತ್ತು.”

“ಅದು ಟೆಂಪ್ಲೇಟ್ ಮೇಡಂ. ನಾರ್ಮಲ್ ಅಂತ ಒತ್ತಿದರೆ ಪೂರ್ತಿ ಪೇಜ್ ಬರುತ್ತೆ. ನೀವೂ ಅದನ್ನೇ ಬಳಸ್ತೀರಲ್ಲ.”

ಟೆಂಪ್ಲೇಟ್ ಎಂದರೆ ಮೊದಲೇ ಬರೆದಿಟ್ಟ ವರದಿ. ಹೆಸರು, ವಯಸ್ಸು ಹಾಕಿ ಒಂದು ಗುಂಡಿ ಒತ್ತಿದರೆ ಆರೋಗ್ಯವಂತ ಕಾಲಿನ ವಿವರ ತಾನಾಗಿ ತುಂಬಿಕೊಳ್ಳುತ್ತದೆ. ಕಾಯಿಲೆ ಇದ್ದ ಕಡೆ ಮಾತ್ರ ನಾವು ತಿದ್ದಬೇಕು. ನಾನು ಅವರಿಗೆ ಬಾಯಿಗೆ ಬಂದದ್ದೆಲ್ಲ ಬೈದೆ. ಟೆಂಪ್ಲೇಟಿಗೆ ಕಣ್ಣಿಲ್ಲ, ನಿಮಗಿದೆ ಎಂದೆ. ನಾಚಿಕೆಪಟ್ಟ ಹೆಣ್ಣುಮಗಳ ಮೇಲೆ ತಪ್ಪು ಹೊರಿಸುತ್ತೀರಲ್ಲ, ಒಂದು ದುಪ್ಪಟಿ, ಒಬ್ಬ ಆಯಾ, ಒಂದು ನಿಮಿಷದ ಮಾತು, ಇಷ್ಟನ್ನು ಕೊಡಲಾಗದಿದ್ದರೆ ಬೋರ್ಡು ಇಳಿಸಿ ಎಂದೆ. ಅವರು ಫೋನ್ ಇಟ್ಟರು. ಬೈದದ್ದರಲ್ಲಿ ಒಂದು ಮಾತನ್ನೂ ಹಿಂತೆಗೆದುಕೊಳ್ಳುವುದಿಲ್ಲ.

ಆದರೆ ನೀವೂ ಬಳಸ್ತೀರಲ್ಲ ಎಂದದ್ದು ಕಿವಿಯಲ್ಲಿ ಉಳಿಯಿತು. ಹಿಂದಿನ ಆರು ತಿಂಗಳ ನನ್ನದೇ ಡಾಪ್ಲರ್ ವರದಿಗಳನ್ನು ತೆಗೆಸಿ ಒಂದೊಂದಾಗಿ ಓದಿದೆ. ಬಾತ ಕಾಲಿನಲ್ಲಿ ಮೀನಖಂಡದ ಸಣ್ಣ ಅಭಿಧಮನಿಗಳು ಎಷ್ಟೋ ಸಲ ಸರಿಯಾಗಿ ಕಾಣುವುದಿಲ್ಲ. ಇದು ಈ ಕೆಲಸ ಮಾಡುವ ಎಲ್ಲರಿಗೂ ಗೊತ್ತು. ನನ್ನ ವರದಿಗಳಲ್ಲಿ ಎಲ್ಲ ಕಾಲಿನ ಎಲ್ಲ ಅಭಿಧಮನಿಯೂ ಚೆನ್ನಾಗಿ ಕಂಡಿತ್ತು. ಒಂದರಲ್ಲೂ ಕಾಣಲಿಲ್ಲ ಎನ್ನುವ ಶಬ್ದ ಇರಲಿಲ್ಲ. ಯಾರ ಜೀವಕ್ಕೂ ಅಪಾಯ ಆಗಿರಲಿಕ್ಕಿಲ್ಲ. ಆಗಿದ್ದರೂ ನನಗೆ ಯಾರು ಬಂದು ಹೇಳುತ್ತಿದ್ದರು? ಅಂದೇ ಕಂಪ್ಯೂಟರಿನವನನ್ನು ಕರೆಸಿ ಆ ಪುಟವನ್ನು ಅಳಿಸಿಸಿದೆ. ಪ್ರತಿ ಅಭಿಧಮನಿಯ ಮುಂದೆ ಜಾಗ ಖಾಲಿ, ಕೈಯಿಂದಲೇ ತುಂಬಬೇಕು. ಬೆಳಗಿನ ಸರದಿ ಅರ್ಧ ಗಂಟೆ ತಡವಾಗತೊಡಗಿತು. ಆಡಳಿತದವರು ಗೊಣಗಿದರು. ಗೊಣಗಲಿ ಎಂದು ಬಿಟ್ಟೆ.

ನಾಲ್ಕನೆಯ ದಿನ ಸುಮಂಗಲಾಳ ಉಸಿರು ಹಿಡಿತಕ್ಕೆ ಬಂತು. ಹತ್ತು ದಿನಕ್ಕೆ ಮನೆಗೆ ಹೊರಟಳು. ಆರು ತಿಂಗಳು ಮಾತ್ರೆ, ಕಾಲಿಗೆ ಬಿಗಿಯಾದ ಕಾಲುಚೀಲ. ಬದುಕಿದಳು. ಬದುಕಿದ್ದು ಅದೃಷ್ಟ, ನಮ್ಮ ಯಾರ ಹೆಚ್ಚುಗಾರಿಕೆಯೂ ಅಲ್ಲ.

ಹೊರಡುವ ದಿನ ಬಸವರಾಜನಿಗೆ ಒಂದು ದೂರು ಬರೆದುಕೊಡಿ ಎಂದು ಕೇಳಿದೆ. ನಾನೂ ಸಹಿ ಹಾಕುತ್ತೇನೆ ಎಂದೆ. ಅವನು ಮೆತ್ತಗಿನ ಹುಡುಗ. ನೆಲ ನೋಡುತ್ತ ಹೇಳಿದ: “ನಮ್ಮ ಮನಿ ಹೆಣಮಗಳ ಸೀರಿ ಎಲ್ಲಿತನಕ ಎತ್ತಿದ್ರು, ಎಲ್ಲಿತನಕ ಎತ್ತಲಿಲ್ಲ ಅಂತ ನಾಕು ಮಂದಿ ಕುಂತು ವಿಚಾರಿಸೂದು ಬ್ಯಾಡ್ರಿ ಮೇಡಂ. ಜೀವ ಉಳಿದೈತಿ, ಸಾಕು.” ಅವಳ ಹೆಸರಿಲ್ಲದೆ ನಾನೊಬ್ಬಳೇ ಬರೆದು ಕಳಿಸಿದೆ. ರೋಗಿಯ ಹೇಳಿಕೆ ಇಲ್ಲದ ದೂರು ಎಷ್ಟು ದೂರ ಹೋಗುತ್ತದೆ ಎನ್ನುವುದು ನನಗೂ ಗೊತ್ತಿತ್ತು.

ಮೂರು ತಿಂಗಳ ಮೇಲೆ ಮರು ಸ್ಕ್ಯಾನಿಗೆ ಬರುವಾಗ ಹನುಮವ್ವನನ್ನು ಕರೆತನ್ನಿ ಎಂದು ಹೇಳಿ ಕಳಿಸಿದ್ದೆ. ಬಂದಳು. ಒಳಗೆ ಬರಲಿಲ್ಲ, ಹೊರಗೇ ಕೂತಳು. ಸುಮಂಗಲಾಳ ಬಾಯಿಂದಲೇ ಗೊತ್ತಾಯಿತು: ಊರಲ್ಲಿ ಈಗ ಹನುಮವ್ವನನ್ನು ಯಾವ ಬಾಣಂತಿಯ ಮನೆಗೂ ಕರೆಯುವುದಿಲ್ಲ. ಆಕೆ ತಿಕ್ಕಿ ತಿಕ್ಕಿ ಗೌರಮ್ಮನ ಮಗಳನ್ನು ಸಾವಿನ ಬಾಗಿಲಿಗೆ ತಂದಳು, ಕೊಪ್ಪಳದ ದೊಡ್ಡ ಡಾಕ್ಟರೇ ಎಲ್ಲರೆದುರು ಹಾಗೆಂದರು ಎಂದು ಊರೆಲ್ಲ ಮಾತು. ಸ್ಕ್ಯಾನಿನ ವಿಷಯ ಮನೆಯವರು ಯಾರಿಗೂ ಹೇಳಿರಲಿಲ್ಲ. ಹೇಳಬೇಕೆಂದರೆ ತೊಡೆಯ ಮಾತು, ಗಂಡಸು ಡಾಕ್ಟರಿನ ಮಾತು ಎಲ್ಲ ಬರುತ್ತದೆ. ಅದಕ್ಕಿಂತ ಮುದುಕಿಯ ಕೈ ಎನ್ನುವುದು ಸುಲಭ. ಸುಮಂಗಲಾಳನ್ನು ಸಾವಿನ ಹತ್ತಿರ ಒಯ್ದ ನಾಚಿಕೆಯೇ ಈಗ ಹನುಮವ್ವನ ಕೆಲಸವನ್ನೂ ನುಂಗಿತ್ತು.

ಸ್ಕ್ಯಾನ್ ಮುಗಿಸಿದೆ. ಹೆಪ್ಪು ಬಹಳಷ್ಟು ಕರಗಿ ರಕ್ತ ಹರಿಯುತ್ತಿತ್ತು. ರಜಿಯಾ ಹನುಮವ್ವನನ್ನು ಒಳಗೆ ಕರೆತಂದಳು. ನಾನು ಕುರ್ಚಿಯಿಂದ ಎದ್ದು, ಅವತ್ತು ನಿಮಗೆ ಹಾಗೆ ಬೈಯಬಾರದಿತ್ತು, ತಪ್ಪು ನಿಮ್ಮದಲ್ಲ, ನನ್ನದಾಯಿತು ಎಂದೆ. ಅಷ್ಟು ಹೇಳಿದ್ದು ನನಗೆ ದೊಡ್ಡ ಕೆಲಸ ಮಾಡಿದ ಹಾಗಾಗಿತ್ತು. ಹನುಮವ್ವ ಬಾಗಿಲ ಕಡೆ ನೋಡಿದಳು.

“ನೀವು ನನಗ ಬೈದದ್ದು ಇಲ್ಲಲ್ರಿ ಬಾಯಾರ. ಹೊರಗ.”

ಸೊಲ್ಲು ಏರಿಸಲಿಲ್ಲ, ಅಳಲಿಲ್ಲ. ಇದ್ದದ್ದನ್ನು ಹೇಳಿದಳು. ನನಗೆ ಕಪಾಳಕ್ಕೆ ಬಿಗಿದ ಹಾಗಾಯಿತು. ಎಲ್ಲರೆದುರು ಬೈದು, ಚಿಲಕ ಹಾಕಿದ ಕೋಣೆಯಲ್ಲಿ ಕ್ಷಮೆ ಕೇಳುತ್ತಿದ್ದೆ. ಆಕೆಯ ಕೈ ಹಿಡಿದು ಕಾರಿಡಾರಿಗೆ ಕರೆದುಕೊಂಡು ಹೋದೆ. ಆ ದಿನವೂ ನಲವತ್ತು ಮಂದಿ ಇದ್ದರು. ಬೇವೂರು ಸುತ್ತಿನವರೂ ನಾಲ್ಕೈದು ಜನ ಇದ್ದರು. ಯಾವ ದನಿಯಲ್ಲಿ ಬೈದಿದ್ದೆನೋ ಅದೇ ದನಿಯಲ್ಲಿ ಹೇಳಿದೆ: ಈ ತಾಯಿ ತಪ್ಪು ಮಾಡಿಲ್ಲ, ಇವರು ತಿಕ್ಕಲ್ಲ ಎಂದೇ ಹೇಳಿದ್ದರು, ದವಾಖಾನೆಗೆ ಹೋಗಿ ಎಂದವರೂ ಇವರೇ, ತಪ್ಪು ಬರೆದುಕೊಟ್ಟದ್ದು ಡಾಕ್ಟರು, ವಿಚಾರಿಸದೆ ಬೈದದ್ದು ನಾನು. ಅದಕ್ಕಿಂತ ಮುಂದೆ, ಎಲ್ಲಿ ಏನು ನೋಡಲಿಲ್ಲ ಎನ್ನುವುದನ್ನು ಹೇಳುವ ಹಕ್ಕು ನನಗಿರಲಿಲ್ಲ. ರೋಗಿಯ ಗುಟ್ಟು ಅದು.

ನಾನು ನಿಲ್ಲಿಸಿದ ಕಡೆಯಿಂದ ಸುಮಂಗಲಾ ಶುರುಮಾಡಿದಳು. ಬಾಗಿಲಲ್ಲಿ ಕೂಸನ್ನು ಎತ್ತಿಕೊಂಡು ನಿಂತಿದ್ದಳು, ಮುಖ ಕೆಂಪಾಗಿತ್ತು. “ಮೊಣಕಾಲ ತನಕ ಅಷ್ಟ ನೋಡಿದ್ರು. ಹೆಪ್ಪು ತೊಡ್ಯಾಗಿತ್ತು. ನೋಡಲಾರದ ನಾರ್ಮಲ್ ಅಂತ ಬರದ್ರು” ಎಂದಳು. ಗೌರಮ್ಮ ಸುಮ್ಮನಿರು ಎಂದು ಸೆರಗು ಎಳೆದರು. ಅವಳು ಸುಮ್ಮನಿರಲಿಲ್ಲ. ಹನುಮವ್ವನ ಕಡೆ ಕೈ ತೋರಿಸಿ, “ಈಕಿ ಕೈಯಿಂದ ನನಗೇನೂ ಆಗಿಲ್ಲ. ಆ ಕಾಗದದಿಂದ ಆಗೈತಿ” ಎಂದಳು.

ಆಮೇಲೆ ಬೆಂಚಿನ ತುದಿಯಲ್ಲಿ ಕೂತಿದ್ದ ಒಬ್ಬ ಹೆಂಗಸು, ಕಾಲಿನ ಸ್ಕ್ಯಾನ್ ಎಂದರೆ ತೊಡೆಯ ತನಕ ನೋಡಬೇಕೇನು ಎಂದು ಮೆಲ್ಲಗೆ ಕೇಳಿದಳು. ನೋಡಲೇಬೇಕು ಎಂದೆ. ನೋಡುವಾಗ ಹೆಂಗಸು ಇರಬೇಕು ಎಂದು ಕೇಳುವ ಹಕ್ಕು ನಿಮಗಿದೆ, ಹೊದಿಕೆ ಕೇಳುವ ಹಕ್ಕಿದೆ, ಎಲ್ಲಿತನಕ ನೋಡಿದಿರಿ ಎಂದು ಕೇಳುವ ಹಕ್ಕೂ ಇದೆ ಎಂದೆ. ಆ ದಿನ ಅರ್ಧ ಗಂಟೆ ಅದೇ ಆಯಿತು. ಇಪ್ಪತ್ತೊಂಬತ್ತು ವರ್ಷದಲ್ಲಿ ಆ ಕಾರಿಡಾರಿನಲ್ಲಿ ನಾನು ಜನರನ್ನು ಬೈದಿದ್ದೆ, ಸರದಿ ಕೂಗಿಸಿದ್ದೆ. ಒಮ್ಮೆಯೂ ಹೀಗೆ ವಿವರಿಸಿ ಹೇಳಿರಲಿಲ್ಲ.

ಊರಿನವರು ನಂಬಿದರೋ ಬಿಟ್ಟರೋ, ಬಹಳ ದಿನ ನನಗೆ ತಿಳಿಯಲಿಲ್ಲ. ಮುಂದಿನ ವರ್ಷ, ನಾನು ನಿವೃತ್ತಳಾಗುವ ಕೆಲವು ತಿಂಗಳ ಮೊದಲು, ಬೇವೂರಿನಿಂದ ಇನ್ನೊಬ್ಬ ಬಾಣಂತಿ ಬಂದಳು. ಹನ್ನೊಂದನೆಯ ದಿನ, ಬಲಗಾಲು ಊದಿತ್ತು. ಯಾರು ಕಳಿಸಿದರು ಎಂದು ಕೇಳಿದೆ. ಎರೆಯಲು ಬರುವ ಹನುಮವ್ವ ಕಳಿಸಿದಳು ಎಂದರು ಜೊತೆಗಿದ್ದವರು. ಒಂದು ಮಾತನ್ನೂ ಹೇಳಿ ಕಳಿಸಿದ್ದಳಂತೆ: “ಪೂರಾ ನೋಡ್ರಿ ಅನ್ನು. ನೋಡಲಾರದ್ದು ಬರೀಬ್ಯಾಡ್ರಿ ಅನ್ನು.”

ದೊಡ್ಡ ದೊಡ್ಡ ಪದವಿಯ ಡಾಕ್ಟರುಗಳಿಂದ ನನಗೆ ಸಾವಿರಾರು ಚೀಟಿಗಳು ಬಂದಿವೆ. ಯಾರೂ ನನ್ನ ಕೆಲಸವನ್ನು ನನಗೆ ಇಷ್ಟು ಸರಿಯಾಗಿ ಹೇಳಿರಲಿಲ್ಲ. ರಜಿಯಾ ಚಿಲಕ ಹಾಕಿದಳು, ದುಪ್ಪಟಿ ಹೊದಿಸಿದಳು. ಎರಡೂ ಕಾಲುಗಳನ್ನು ತೊಡೆಸಂದಿನಿಂದ ಹಿಮ್ಮಡಿಯ ತನಕ ನೋಡಿದೆ. ನಲವತ್ತು ನಿಮಿಷ ಹಿಡಿಯಿತು. ತೊಡೆ ಸರಿ ಇತ್ತು, ಮೊಣಕಾಲ ಹಿಂದೆ ಸರಿ ಇತ್ತು. ಬಾವಿನ ದೆಸೆಯಿಂದ ಮೀನಖಂಡದ ಒಂದು ಸಣ್ಣ ಅಭಿಧಮನಿ ಎಷ್ಟು ಪ್ರಯತ್ನಿಸಿದರೂ ಸಿಗಲಿಲ್ಲ. ವರದಿಯಲ್ಲಿ ಅದರ ಮುಂದಿನ ಖಾಲಿ ಜಾಗದಲ್ಲಿ ಬರೆದೆ: ಕಾಣಲಿಲ್ಲ, ಒಂದು ವಾರದೊಳಗೆ ಮತ್ತೆ ನೋಡಬೇಕು.